ಮಹಡಿಯ ಮೇಲಿನ ತಿಪ್ಪೆ: ಮೂರು ಅಂತಸ್ತಿನ ಗೊಬ್ಬರದ ಮಡಕೆ, ನಾಲ್ಕು ವರ್ಷ ಬಳಸಿದ ಮೇಲೆ

ಈ ಮಡಕೆಗಳು 2021ರ ದೀಪಾವಳಿಗೆ ನಮ್ಮ ಮನೆಗೆ ಬಂದವು. ಬಂದ ವಾರವೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಮೂರನೆಯ ವಾರ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ, ಸಿಟ್ಟೂ ಸಂಭ್ರಮವೂ ಇಳಿದ ಮೇಲೆ, ನಾಲ್ಕು ಕೊಡುತ್ತೇನೆ.

ವಸ್ತು ಸರಳ. ಸುಟ್ಟ ಮಣ್ಣಿನ ಮೂರು ಮಡಕೆ ಒಂದರ ಮೇಲೊಂದು, ಮೇಲೊಂದು ಮುಚ್ಚಳ. ಮೇಲಿನ ಎರಡಕ್ಕೆ ತಳದ ಬದಲು ಹಗ್ಗದ ಜಾಲರಿ, ಮೈಯಲ್ಲಿ ಗಾಳಿಯಾಡಲು ತೂತುಗಳು. ಅಡುಗೆಮನೆಯ ಹಸಿ ಕಸವನ್ನು ಮೇಲಿನದಕ್ಕೆ ಸುರಿದು, ಪ್ರತಿ ಸಲವೂ ಒಣ ಪುಡಿಯಿಂದ ಮುಚ್ಚಬೇಕು. ಅದು ತುಂಬಿದಾಗ ನಡುವಿನ ಜಾಗಕ್ಕೆ ಇಳಿಸಿ, ಖಾಲಿ ಮಡಕೆಯನ್ನು ಮೇಲೇರಿಸಬೇಕು. ಅದೂ ತುಂಬುವ ಹೊತ್ತಿಗೆ ನಡುವಿನದು ಅರ್ಧ ಕೊಳೆತು ಕುಗ್ಗಿರುತ್ತದೆ. ಅದನ್ನು ತಳದ ಮಡಕೆಗೆ ಬಗ್ಗಿಸಿ ಮಾಗಲು ಬಿಡಬೇಕು.

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ಮನೆಯಲ್ಲಿ ಮಣ್ಣು ಎಂಬುದು ಇರುವುದು ತುಳಸಿ ಕಟ್ಟೆಯಲ್ಲಿ ಮಾತ್ರ. ಹೀಗಾಗಿ ಮಡಕೆಗಳನ್ನು ಮಹಡಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರಿಸಿದೆವು. ನಮ್ಮ ಅತ್ತೆ ಗುಬ್ಬಿ ಕಡೆಯ ಹಳ್ಳಿಯವರು. ಪೆಟ್ಟಿಗೆ ಬಿಚ್ಚುವುದನ್ನು ನಿಂತು ನೋಡಿ, "ಎರಡೂವರೆ ಸಾವಿರ ಕೊಟ್ಟು ತಿಪ್ಪೆ ತಂದಿದ್ದೀರಾ?" ಎಂದರು. ಮಾರುವವರ ಕರಪತ್ರದಲ್ಲಿ ಎರಡು ಪುಟ ವಿವರಿಸಿದ್ದನ್ನು ಅವರು ಒಂದೇ ಪದದಲ್ಲಿ ಮುಗಿಸಿದ್ದರು. ಇದು ತಿಪ್ಪೆಯೇ, ಸ್ವಲ್ಪ ಶಿಸ್ತು ಕಲಿತ ತಿಪ್ಪೆ.

ಮೂರನೆಯ ವಾರದ ಕತೆ ಹೇಳಬೇಕು. ಜೊತೆಗೆ ಬಂದಿದ್ದ ಪುಡಿಯ ಪೊಟ್ಟಣ ದುಬಾರಿ. ಹೀಗಾಗಿ ನಾನು ಅದನ್ನು ಅಡುಗೆಗೆ ಉಪ್ಪು ಹಾಕಿದಂತೆ ಚಿಟಿಕೆ ಚಿಟಿಕೆ ಉದುರಿಸುತ್ತಿದ್ದೆ. ಅದರ ಮೇಲೆ ಉಳಿದ ಸಾರು, ಮೊಸರನ್ನ, ತೊಳೆದ ಪಾತ್ರೆಯ ತಳದ ಅಗುಳು. ಒಂದು ಭಾನುವಾರ ಮುಚ್ಚಳ ತೆಗೆದ ಮಗಳು ಕಿರುಚಿಕೊಂಡು ಕೆಳಗಿಳಿದಳು. ಹೋಗಿ ನೋಡಿದರೆ ಒಳಗೆಲ್ಲ ಬೂದು ಬಣ್ಣದ ದಪ್ಪ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು, ತಳದಿಂದ ಕಂದು ನೀರು ಇಳಿದು ಮಹಡಿಯ ಸಿಮೆಂಟಿನ ಮೇಲೆ ಕಲೆ ಕಟ್ಟಿತ್ತು. ಆ ಕಲೆ ಇವತ್ತಿಗೂ ಇದೆ.

ಮಾರಿದವರಿಗೆ ಫೋನ್ ಮಾಡಿದೆ. "ಪುಡಿ ಹೆಚ್ಚಿಸಿ, ಇನ್ನೆರಡು ಪೊಟ್ಟಣ ಕಳುಹಿಸುತ್ತೇವೆ" ಎಂದರು. ಸಲಹೆಯ ಮೊದಲರ್ಧ ಸರಿ, ಎರಡನೆಯದು ವ್ಯಾಪಾರ. ಹುಳುಗಳ ವಿಷಯ ಆಮೇಲೆ ಓದಿ ತಿಳಿದುಕೊಂಡೆ. ಅವು ಕಪ್ಪು ಸೈನಿಕ ನೊಣದ ಮರಿಗಳು. ಈ ನೊಣ ಮನೆ ನೊಣದಂತೆ ಊಟದ ಮೇಲೆ ಕೂರುವುದಿಲ್ಲ, ಬೆಳೆದ ಮೇಲೆ ಹೆಚ್ಚುಕಡಿಮೆ ಏನೂ ತಿನ್ನುವುದೇ ಇಲ್ಲ. ಮರಿಗಳು ಮಾತ್ರ ಬಕಾಸುರನ ವಂಶ, ಹಸಿ ಕಸವನ್ನು ದಿನಗಳಲ್ಲಿ ಕರಗಿಸಿಬಿಡುತ್ತವೆ. ಅಂದರೆ ಅವು ನಮ್ಮ ಕೆಲಸವನ್ನೇ ಮಾಡುತ್ತಿದ್ದವು. ನಾರುತ್ತಿದ್ದುದಕ್ಕೆ ಕಾರಣ ಅವಲ್ಲ, ನೀರು. ಒದ್ದೆ ಹೆಚ್ಚಾದರೆ ಗಾಳಿ ಒಳಗೆ ಹೋಗುವುದಿಲ್ಲ. ಗಾಳಿಯಿಲ್ಲದ ಕಡೆ ಕಸ ಗೊಬ್ಬರವಾಗುವುದಿಲ್ಲ, ಕೊಳೆಯುತ್ತದೆ.

ಪುಡಿಯ ಗುಟ್ಟು ಇಷ್ಟೇ. ಸೊಪ್ಪು, ಸಿಪ್ಪೆ, ಅನ್ನದಲ್ಲಿ ಸಾರಜನಕ ಮತ್ತು ನೀರು ಹೆಚ್ಚು. ಒಣ ಎಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಸಿಕ್ಕರೆ ಸೂಕ್ಷ್ಮಜೀವಿಗಳು ನೆಮ್ಮದಿಯಾಗಿ ದುಡಿಯುತ್ತವೆ. ಇದನ್ನು ತೂಗಿ ಲೆಕ್ಕ ಹಾಕಲು ಹೋಗಬೇಡಿ. ಒಂದು ಬೊಗಸೆ ಹಸಿ, ಒಂದು ಬೊಗಸೆ ಒಣ. ಹಿಂಡಿದರೆ ಕೈಗೆ ತೇವ ಹತ್ತಬೇಕು, ಹನಿ ಬೀಳಬಾರದು.

ಈ ಪುಡಿಯನ್ನು ತುಮಕೂರಿನಲ್ಲಿ ದುಡ್ಡು ಕೊಟ್ಟು ಬೆಂಗಳೂರಿನಿಂದ ತರಿಸುವುದು ತಿಪಟೂರಿನವರು ಕೊಬ್ಬರಿ ಆಮದು ಮಾಡಿಕೊಂಡಂತೆ. ಇದು ತೆಂಗಿನ ಜಿಲ್ಲೆ. ನಾರು ತೆಗೆಯುವ ಘಟಕಗಳ ಹಿಂದೆ ಪುಡಿ ಗುಡ್ಡೆ ಬಿದ್ದಿರುತ್ತದೆ. ಅತ್ತೆಯ ತಮ್ಮ ಒಂದು ಸಲ ಟೆಂಪೊದಲ್ಲಿ ಆರು ಚೀಲ ತಂದು ಹಾಕಿದರು, ವರ್ಷ ಬಂತು. ಹಸಿ ನಾರಿನ ಪುಡಿ ಚೊಗರು ಚೊಗರಾಗಿರುತ್ತದೆ, ಮಳೆಯಲ್ಲಿ ಒಮ್ಮೆ ತೊಯ್ದು ಒಣಗಿದ್ದಾದರೆ ಒಳ್ಳೆಯದು. ಅದಿಲ್ಲದಿದ್ದರೆ ಫೆಬ್ರವರಿ ಮಾರ್ಚಿನಲ್ಲಿ ಬೀದಿಯ ಹೊಂಗೆ ಮರಗಳು ಉದುರಿಸುವ ಎಲೆ ಸಾಕು. ಜನ ಅದನ್ನು ಗುಡಿಸಿ ಬೆಂಕಿ ಹಚ್ಚುತ್ತಾರಲ್ಲ, ಅದನ್ನೇ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳಿ. ಪೊಟ್ಟಣದಲ್ಲಿದ್ದ "ಸೂಕ್ಷ್ಮಜೀವಿ"ಗಳ ಬದಲು ಹುಳಿ ಮಜ್ಜಿಗೆ ಚಿಮುಕಿಸಿದೆ, ವ್ಯತ್ಯಾಸವೇನೂ ಕಾಣಲಿಲ್ಲ.

ಈ ಮಡಕೆಯ ನಿಜವಾದ ಪರೀಕ್ಷೆ ಎರಡು ಕಾಲದಲ್ಲಿ. ಡಿಸೆಂಬರ್ ಜನವರಿಯಲ್ಲಿ ಸೊಗಡವರೆ ಬರುತ್ತದೆ. ಒಂದು ಸಂಜೆ ಕೂತು ಐದು ಕಿಲೋ ಕಾಯಿ ಬಿಡಿಸಿ, ನೆನೆಸಿ, ಹಿತಕಿದರೆ ಸಿಪ್ಪೆಯೇ ಒಂದು ಮಂಕರಿ. ಅದು ತಾನಾಗಿಯೇ ಬೇಗ ಒಣಗುವುದರಿಂದ ಮಡಕೆ ತಾಳಿಕೊಳ್ಳುತ್ತದೆ. ಆದರೆ ಹಲಸಿನ ಕಾಲ ಬಂತೆಂದರೆ, ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮುಂದೆ ಯಾವ ಮಡಕೆಯೂ ನಿಲ್ಲುವುದಿಲ್ಲ. ಒಂದು ಹಣ್ಣಿನ ಮುಳ್ಳು ಸಿಪ್ಪೆ, ನಡುವಿನ ಗೂಂಜು, ತೊಳೆಗಳ ಸುತ್ತಲಿನ ಶಾಡೆ ಸೇರಿದರೆ ಒಂದೇ ದಿನಕ್ಕೆ ಮೇಲಿನ ಮಡಕೆ ತುಂಬುತ್ತದೆ. ಅದರ ಸಿಹಿಗೆ ಹಣ್ಣಿನ ನೊಣದ ಹಿಂಡೇ ಬರುತ್ತದೆ. ಈಗ ಹಲಸಿನ ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ, ಎರಡು ದಿನ ಬಿಸಿಲಿಗೆ ಹರವಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತೇನೆ. ಕರಪತ್ರದಲ್ಲಿ ಹಲಸಿನ ಹೆಸರೇ ಇಲ್ಲ. ಬರೆದವರು ಸೇಬು ತಿನ್ನುವವರಿರಬೇಕು.

ಇನ್ನೊಂದು ಮೋಸ ಹೋದದ್ದು ಚೀಲದಲ್ಲಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿದ ಮೇಲೆ, ಒಂದು ಅಂಗಡಿಯಲ್ಲಿ "ಗೊಬ್ಬರವಾಗುವ ಚೀಲ" ಎಂದು ಅಚ್ಚಾಗಿದ್ದ ಹಸಿರು ಚೀಲ ಕೊಟ್ಟರು. ನಂಬಿ ಮಡಕೆಗೆ ಹಾಕಿದೆ. ಆರು ತಿಂಗಳ ನಂತರ ತಳದ ಮಡಕೆಯಲ್ಲಿ ಕೈಯಾಡಿಸಿದರೆ ಅದು ಹಾಗೆಯೇ ಇತ್ತು, ಅಕ್ಷರವೂ ಅಳಿಸಿರಲಿಲ್ಲ. ಅಂಥ ಚೀಲಗಳು ಸಾಮಾನ್ಯವಾಗಿ ಕರಗುವುದು ದೊಡ್ಡ ಗೊಬ್ಬರ ಘಟಕಗಳ ಕಾವಿನಲ್ಲಿ. ಅಷ್ಟು ಕಾವು ಮನೆಯ ಮಡಕೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ನಿಲ್ಲದ್ದಕ್ಕೆ ಇನ್ನೊಂದು ಸಾಕ್ಷಿಯೂ ಇದೆ: ನಮ್ಮ ಗೊಬ್ಬರ ಹಾಕಿದ ಕುಂಡದಲ್ಲೆಲ್ಲ ಟೊಮೆಟೊ ಮತ್ತು ಸಿಹಿಗುಂಬಳ ತಾವಾಗಿಯೇ ಮೊಳೆಯುತ್ತವೆ. ಅತ್ತೆ ಒಂದನ್ನೂ ಕೀಳಲು ಬಿಡುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ: ಒಂದು ತಿಂಗಳು ದಿನವೂ ತೂಗಿ ನೋಡಿದೆ. ಐದು ಜನರ ಮನೆಯಲ್ಲಿ ಹಸಿ ಕಸ ದಿನಕ್ಕೆ ಸುಮಾರು ಮುಕ್ಕಾಲು ಕಿಲೋ. ಒಂದು ಮಡಕೆ ತುಂಬಲು ಮೂರೂವರೆ ವಾರ. ಅದು ಮಾಗಿ ಕಪ್ಪಾಗಿ, ಮೊದಲ ಮಳೆಯ ವಾಸನೆ ಬರಲು ಎರಡೂವರೆಯಿಂದ ಮೂರು ತಿಂಗಳು. ಸಿಗುವ ಗೊಬ್ಬರ ಐದಾರು ಕಿಲೋ. ದಿನಕ್ಕೆ ಎರಡು ನಿಮಿಷದ ಕೆಲಸ ಎಂದು ಕರಪತ್ರ ಹೇಳುವುದು ನಿಜ. ತಿಂಗಳಿಗೊಮ್ಮೆ ಮಡಕೆ ಇಳಿಸಿ ಏರಿಸುವ, ಬೆನ್ನು ನೋಯಿಸುವ ಒಂದು ಗಂಟೆಯನ್ನು ಮಾತ್ರ ಅದು ಹೇಳುವುದಿಲ್ಲ. ತುಂಬಿದ ಮಡಕೆ ಒಬ್ಬರಿಂದ ಏಳುವುದಿಲ್ಲ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಇದನ್ನು ಕೊಡಿಸಬೇಡಿ.

ನಾನು ಎದುರು ನೋಡಿರದ ಲಾಭವೊಂದಿದೆ. ಹಸಿ ಕಸ ಬೇರೆಯಾದ ಮೇಲೆ ಉಳಿದದ್ದು ನಾರುವುದಿಲ್ಲ. ಹಾಲಿನ ಕವರನ್ನು ತೊಳೆದು ಒಣಗಿಸಿ ಗುಜರಿಯವನಿಗೆ ಕೊಡಲು ಶುರುಮಾಡಿದ್ದು ಆಮೇಲೆಯೇ. ಕಸದ ಗಾಡಿ ಎರಡು ದಿನ ತಪ್ಪಿದರೂ ಈಗ ಯಾರೂ ಗೊಣಗುವುದಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆ ಮಾಡಿ ಕೊಡಬೇಕೆಂಬ ನಿಯಮ 2016ರಲ್ಲೇ ಬಂದಿತ್ತು. ನಾವು ಪಾಲಿಸಲು ತೊಡಗಿದ್ದು ಮಡಕೆ ಬಂದ ಮೇಲೆ. ಅಜ್ಜಗೊಂಡನಹಳ್ಳಿಯಲ್ಲಿರುವ ನಗರದ ಕಸದ ಘಟಕಕ್ಕೆ ಹೋಗುವ ಲಾರಿಯಲ್ಲಿ ನಮ್ಮ ಮನೆಯ ಮೊಸರನ್ನವಂತೂ ಇಲ್ಲ.

ಈಗ ಆ ಕಡಿತಗೊಳಿಸಿದ ಒಂದು ಅಂಕ. ಕಳೆದ ವರ್ಷದ ಬೇಸಿಗೆಯಲ್ಲಿ ತಳದ ಮಡಕೆಯ ಬಾಯಿ ಸೀಳಿತು. ಮೂರರಲ್ಲಿ ಒಂದನ್ನೇ ಕೊಡಿ ಎಂದರೆ ಮಾರಿದವರು ಒಪ್ಪಲಿಲ್ಲ, ಪೂರ್ತಿ ಜೋಡಿಯನ್ನೇ ಕೊಳ್ಳಬೇಕಂತೆ. ಸಿಮೆಂಟ್ ಮೆತ್ತಿ ಒಂದು ವರ್ಷ ದೂಡಿದೆವು. ಮೊನ್ನೆ ಸೀಳು ತಳ ಮುಟ್ಟಿದಾಗ, ಅಳತೆ ಬರೆದುಕೊಂಡು ಹೋಗಿ ಕುಂಬಾರರೊಬ್ಬರನ್ನು ಕೇಳಿದೆ. ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ಮಡಕೆ ತೂತಾಗಿದೆ ಎಂದು ವಾಪಸು ಕೊಡಲು ಬರುವವರನ್ನು ಕಂಡಿದ್ದೇನೆ ತಾಯಿ, ತೂತು ಮಾಡಿಸಲು ಬಂದವರು ನೀವೇ ಮೊದಲು" ಎಂದರು. ನಾನೂರು ರೂಪಾಯಿ ಹೇಳಿದ್ದಾರೆ. ಮುಂದಿನ ಆವಿಗೆಯಲ್ಲಿ ಸುಡುತ್ತಾರಂತೆ.