ತಾರಸಿಯಿಂದ ಉಪಗ್ರಹ ಸಂಪರ್ಕ: ಲಾಗ್‌ಗೆ ಕಾಗದವೋ, ಫೋನೋ, ರೆಕಾರ್ಡರ್ರೋ?

ನನ್ನ ಹವ್ಯಾಸ ಹ್ಯಾಮ್ ರೇಡಿಯೊ. ಒಂದು ಕೈಲಿ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯೋ ರೇಡಿಯೊ; ಇನ್ನೊಂದರಲ್ಲಿ ಒಂದೇ ದಿಕ್ಕಿಗೆ ಗುರಿಯಿಡೋ ಯಾಗಿ ಆಂಟೆನಾ. ಬರೆಯೋಕೆ ಕೈಯೇ ಉಳಿಯೋದಿಲ್ಲ. ಬೆಂಗಳೂರಿನ ನಮ್ಮ ಮನೆ ತಾರಸಿಯಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ನಮ್ಮ ದನಿ ಹಿಡಿದು ಮತ್ತೆ ಪ್ರಸಾರ ಮಾಡೋ ಸಾಧನ) ಬಳಸುವಾಗ ಲಾಗ್, ಅಂದರೆ ಯಾರ ಜೊತೆ ಯಾವಾಗ ಮಾತಾಡಿದೆ ಅನ್ನೋ ದಾಖಲೆ, ಇಡೋಕೆ ನಾನು ಮೂರು ದಾರಿ ಹಿಡಿದು ನೋಡಿದ್ದೀನಿ.

ನಿಲ್ದಾಣ ಒಂದು ಸಲ ದಾಟಿಹೋಗೋಕೆ ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. 145.990 ಮೆಗಾಹರ್ಟ್ಸ್‌ನಲ್ಲಿ, ರಿಪೀಟರ್ ತೆರೆಯೋ 67 ಹರ್ಟ್ಸ್ ಟೋನ್ ಹಾಕಿ ಮಾತಾಡಬೇಕು, 437.800ರಲ್ಲಿ ಕೇಳಬೇಕು. ಅದೂ ನಿಲ್ದಾಣದ ವೇಗಕ್ಕೆ ಆವರ್ತನ ಸರಿಯೋ ಡಾಪ್ಲರ್ ಪರಿಣಾಮದಿಂದಾಗಿ, ನಿಲ್ದಾಣ ಏಳುವಾಗ 437.810, ಮುಳುಗುವಾಗ 437.790. ಈ ಮಧ್ಯೆ ಎದುರಿನವರ ಕರೆಸಂಕೇತ (ಪರವಾನಗಿಯ ಜೊತೆ ಸಿಗೋ ಗುರುತು), ಗ್ರಿಡ್ (ಅವರಿರೋ ಜಾಗದ ನಕ್ಷೆಯ ಚೌಕದ ಸಂಕೇತ), ಸಮಯ ಮೂರೂ ತಪ್ಪಿಲ್ಲದೆ ಸಿಗಬೇಕು.

ಮೊದಲು ಹಿಡಿದದ್ದು ಕಾಗದ, ಪೆನ್ಸಿಲ್. ರಟ್ಟಿಗೆ ಹಾಳೆ ಸಿಕ್ಕಿಸಿ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಇಡ್ತಿದ್ದೆ. ಬರೆಯೋಕೆ ಬಗ್ಗಿದ ಕೂಡಲೇ ಆಂಟೆನಾ ದಿಕ್ಕು ತಪ್ಪಿ ಬರೀ ಗೊರಗೊರ ಸದ್ದು. ಅವಸರದಲ್ಲಿ ಗೀಚಿದ ಇಂಗ್ಲಿಷಿನ ಯು ಯಾವುದು, ವಿ ಯಾವುದು ಅಂತ ಕೆಳಗಿಳಿದ ಮೇಲೆ ನನಗೇ ಗೊತ್ತಾಗ್ತಿರಲಿಲ್ಲ. ಭಾರತದ ಸಂಕೇತಗಳು ಸಾಮಾನ್ಯವಾಗಿ ವಿಯು ಅಂತಲೇ ಶುರುವಾಗೋದರಿಂದ ಅಷ್ಟು ಭಾಗ ಊಹಿಸಬಹುದು, ಕೊನೆಯ ಮೂರಕ್ಷರ ಊಹಿಸೋಕಾಗಲ್ಲ.

ಫೋನಿನ ಲಾಗಿಂಗ್ ಆ್ಯಪ್ ಬಿಸಿಲಲ್ಲಿ ಕಾಣಲ್ಲ, ಬೆವರಿದ ಬೆರಳಿಗೆ ಸ್ಪಂದಿಸಲ್ಲ. ಸಂಪರ್ಕದ ನಡುವೆ ಟೈಪ್ ಮಾಡೋದಂತೂ ಆಗದ ಮಾತು. ಆದರೆ ಒಂದು ವಿಷಯಕ್ಕೆ ಅದಕ್ಕೆ ಪೂರ್ತಿ ಅಂಕ ಕೊಡ್ತೀನಿ: ಯುಟಿಸಿ ಸಮಯ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ತಾನೇ ಹಾಕಿಕೊಳ್ಳುತ್ತೆ. ಕಾಗದದ ದಿನಗಳಲ್ಲಿ ಬೆಳಗಿನ ಜಾವ 4:50ರ ಒಂದು ಸಂಪರ್ಕಕ್ಕೆ ಅವತ್ತಿನ ತಾರೀಖೇ ಬರೆದಿದ್ದೆ. ಯುಟಿಸಿಯಲ್ಲಿ ಅದು ಹಿಂದಿನ ದಿನದ 23:20. ಇಬ್ಬರ ಲಾಗನ್ನೂ ಹೋಲಿಸಿ ಸಂಪರ್ಕ ದೃಢೀಕರಿಸೋ ಲಾಗ್‌ಬುಕ್ ಆಫ್ ದಿ ವರ್ಲ್ಡ್ ಜಾಲತಾಣದಲ್ಲಿ ಇಬ್ಬರ ಸಮಯದ ನಡುವೆ ಅರ್ಧ ಗಂಟೆಯ ವ್ಯತ್ಯಾಸ ನಡೆಯುತ್ತೆ, ಇಡೀ ದಿನದ್ದು ನಡೆಯಲ್ಲ. ಶ್ರೀಲಂಕಾದ ಎಂಜೆ96 ಗ್ರಿಡ್ ಅದು, ನನಗೆ ಹೊಸದು. ತಿಂಗಳುಗಟ್ಟಲೆ ದೃಢೀಕರಣಕ್ಕೆ ಕಾದು ಕೂತಿದ್ದೆ.

ಈಗ ರೆಕಾರ್ಡರ್‌ಗೆ ಒಗ್ಗಿದ್ದೀನಿ. ಪುಟ್ಟದು, ಅಂಗಿ ಜೇಬಲ್ಲೇ ಕೂರುತ್ತೆ. ಮೊದಲ ದಿನ ಇಯರ್‌ಫೋನ್ ಹಾಕಿಕೊಂಡಿದ್ದರಿಂದ ನನ್ನ ದನಿ ಮಾತ್ರ ದಾಖಲಾಗಿ, ಎದುರಿನವರದ್ದು ಒಂದಕ್ಷರವೂ ಸಿಗಲಿಲ್ಲ. ಈಗ ಹ್ಯಾಂಡಿಯ ಸ್ಪೀಕರ್ ತೆರೆದಿಡ್ತೀನಿ. ಅರ್ಧ ಕೇಳಿಸಿದ ಸಂಕೇತವನ್ನ ನಾಲ್ಕು ಸಲ ಹಿಂದೆ ಎಳೆದು ಕೇಳಿದರೆ, ತಾರಸಿ ಮೇಲೆ ಕೈತಪ್ಪಿದ ಅಕ್ಷರ ಮನೆಯೊಳಗೆ ಸ್ಪಷ್ಟವಾಗುತ್ತೆ. ಆ ಖುಷಿಯೇ ಬೇರೆ. ತೊಂದರೆ ಒಂದೇ, ಹತ್ತು ನಿಮಿಷದ ಪಾಸ್‌ಗೆ ಅರ್ಧ ಗಂಟೆ ಕೂರಬೇಕು. ಎರಡು ದಿನ ಬಿಟ್ಟರೆ ಕಡತಗಳು ರಾಶಿ ಬೀಳುತ್ತವೆ.

ಹಾಗಾಗಿ ಹೊರಡುವಾಗಲೇ ಗುಂಡಿ ಒತ್ತಿ, ಯುಟಿಸಿ ತಾರೀಖು, ಸಮಯ, ಉಪಗ್ರಹದ ಹೆಸರು, ನನ್ನ ಗ್ರಿಡ್ ಎಂಕೆ82 ಎಲ್ಲವನ್ನೂ ಬಾಯಲ್ಲೇ ಹೇಳಿಬಿಡ್ತೀನಿ. ಅವತ್ತು ರಾತ್ರಿ ಊಟಕ್ಕೆ ಮುಂಚೆ ಅದನ್ನೇ ಕೇಳುತ್ತಾ ಫೋನಿನ ಆ್ಯಪ್‌ಗೆ ಏರಿಸ್ತೀನಿ. ಟ್ಯಾಂಕಿನ ಕಟ್ಟೆ ಮೇಲೆ ಹಾಳೆ ಈಗಲೂ ಇರುತ್ತೆ, ಆದರೆ ಅದರಲ್ಲಿ ಇರೋದು ಐದು ಡಾಪ್ಲರ್ ಆವರ್ತನಗಳು ಮಾತ್ರ.