ಲಾವೋಸ್‌ಗೆ ಮಾಲು ಕಳಿಸೋರು ಗಡಿ ಹೆಸರು ನೋಡ್ದೆ ಓಕೆ ಅನ್ಬೇಡಿ

ನಮ್ದು ಚಿಕ್ಕಮಗಳೂರಲ್ಲಿ ಕಾಫಿ ಪಲ್ಪರ್, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮಷೀನ್ ಮಾಡೋ ಸಣ್ಣ ವರ್ಕ್‌ಶಾಪು. ಲಾವೋಸಿನ ಪಾಕ್ಸಾಂಗ್‌ನಿಂದ ಒಂದು ಆರ್ಡರ್ ಬಂತು, ಬೊಲಾವೆನ್ ಪ್ರಸ್ಥಭೂಮಿ ಮೇಲಿರೋ ಊರು, ಥೇಟ್ ನಮ್ಮ ಗಿರಿ ಸೀಮೆ ಥರಾನೇ ಕಾಫಿ ತೋಟ, ಮಳೆ, ಮಂಜು. ಅಕ್ಟೋಬರ್ ಹೊತ್ತಿಗೆ ಅಲ್ಲಿ ಅರೇಬಿಕಾ ಕುಯ್ಲು ಶುರು, ಅಷ್ಟರೊಳಗೆ ಮಷೀನ್ ಬೇಕು ಅಂದ್ರು. ಆಗಸ್ಟಲ್ಲೇ ಕಳಿಸಿದ್ವಿ. ಮುಟ್ಟಿದ್ದು ಡಿಸೆಂಬರ್ ಕೊನೇಲಿ.

ಲಾವೋಸ್‌ಗೆ ಸಮುದ್ರಾನೇ ಇಲ್ಲ. ಚೆನ್ನೈಯಿಂದ ಹೊರಟ ಮಾಲು ಥಾಯ್ಲೆಂಡಿನ ಲೇಮ್ ಚಬಾಂಗ್ ಪೋರ್ಟಲ್ಲಿ ಇಳಿದು ಅಲ್ಲಿಂದ ಟ್ರಾನ್ಸಿಟ್ ಮೇಲೆ, ಅಂದ್ರೆ ಆ ದೇಶದಲ್ಲಿ ಬರೀ ಹಾದುಹೋಗೋ ಮಾಲಾಗಿ, ಲಾರೀಲಿ ಗಡಿ ದಾಟ್ಬೇಕು. ಪಾಕ್ಸಾಂಗ್‌ಗೆ ಹತ್ರ ಆಗೋದು ಥಾಯ್ಲೆಂಡಿನ ಉಬೋನ್ ಕಡೆಯ ಚಾಂಗ್ ಮೆಕ್ ಗಡಿ, ದಾಟಿದ್ರೆ ಲಾವೋಸಿನ ಪಾಕ್ಸೆ ಊರು, ಅಲ್ಲಿಂದ ಮೇಲೆ ಹತ್ತಿದ್ರೆ ಸುಮಾರು 50 ಕಿ.ಮೀ. ನಮ್ಮ ಫಾರ್ವರ್ಡರ್ (ಮಾಲು ಕಳಿಸೋ ಏರ್ಪಾಡು ಮಾಡೋನು) ಪುಣ್ಯಾತ್ಮ ಲಾವೋಸ್ ಅಂದ್ರೆ ರಾಜಧಾನಿ ವಿಯೆಂಟಿಯಾನ್ ಅಂದ್ಕೊಂಡು ಬಿಲ್ ಆಫ್ ಲೇಡಿಂಗಲ್ಲಿ (ಹಡಗಿನವರು ಕೊಡೋ ಸಾಗಣೆ ಪತ್ರ) ನಾಂಗ್ ಖಾಯ್ ಗಡಿ ಮೇಲೆ ವಿಯೆಂಟಿಯಾನ್ ಅಂತ ಹಾಕಿಸ್ಬಿಟ್ಟ. ಡ್ರಾಫ್ಟ್ ನಂಗೆ ವಾಟ್ಸಾಪ್ ಮಾಡಿದ್ದ, ನಾನು ತೂಕ ನೋಡಿದೆ, ಪೀಸ್ ಎಣಿಸಿದೆ, ಊರು ಮಾತ್ರ ನೋಡ್ಲಿಲ್ಲ. ತಪ್ಪು ನಂದೂ ಇದೆ.

ಗೊತ್ತಾಗಿದ್ದು ಕಂಟೇನರ್ ಪೋರ್ಟಲ್ಲಿ ಇಳಿದ ಮೇಲೆ. ತಿದ್ಸೋಕೆ ಅಂತ ಶಿಪ್ಪಿಂಗ್ ಲೈನು, ಏಜೆಂಟು, ಥಾಯ್ ಕಸ್ಟಮ್ಸು ಸುತ್ತಿ ಸುತ್ತಿ ಫ್ರೀ ಡೇಸ್ (ಬಾಡಿಗೆ ಇಲ್ದೆ ಕಂಟೇನರ್ ಇಟ್ಕೊಳ್ಳೋ ದಿನಗಳು) ಮುಗಿದು ಡೆಮರೇಜ್, ಅಂದ್ರೆ ಕಂಟೇನರ್ ಪೋರ್ಟಲ್ಲೇ ಕೂತಿದ್ದಕ್ಕೆ ಹಾಕೋ ಚಾರ್ಜು, ಬೆಳೀತಾ ಹೋಯ್ತು. ಕೊನೆಗೆ ಫಾರ್ವರ್ಡರ್ "ಸಾರ್, ವಿಯೆಂಟಿಯಾನ್‌ಗೇ ಹೋಗ್ಲಿ ಬಿಡಿ, ಈಗ ಅಲ್ಲಿ ಹೊಸ ಟ್ರೈನ್ ಬಂದಿದೆಯಲ್ಲ, ಅದ್ರಲ್ಲಿ ಹಾಕೋಣ" ಅಂದ. ಮ್ಯಾಪ್ ತೆಗೆದ್ರೆ, 2021ರಲ್ಲಿ ಶುರುವಾದ ಆ ಟ್ರೈನು ವಿಯೆಂಟಿಯಾನಿಂದ ಉತ್ತರಕ್ಕೆ ಬೋಟೆನ್ ದಾಟಿ ಚೀನಾಗೆ ಹೋಗೋದು. ನಮ್ದು ದಕ್ಷಿಣ! ಚಾಮರಾಜನಗರದ ಮಾಲು ಬೆಳಗಾವೀಲಿ ಇಳಿಸಿ ಪುಣೆ ಟ್ರೈನ್ ತೋರ್ಸಿದ ಹಂಗೆ.

ಆಮೇಲೆ ವಿಯೆಂಟಿಯಾನ್ ಹತ್ರದ ಥನಾಲೆಂಗ್ ಡ್ರೈ ಪೋರ್ಟಲ್ಲಿ (ಸಮುದ್ರ ಇಲ್ದ ಕಡೆ ಕಂಟೇನರ್ ಇಳಿಸೋ ಜಾಗ) ಕಂಟೇನರ್ ಬಿಚ್ಚಿ ಲೋಕಲ್ ಲಾರಿಗೆ ತುಂಬಿ 13ನೇ ನಂಬರ್ ರೋಡಲ್ಲಿ ಹತ್ರತ್ರ 700 ಕಿ.ಮೀ. ಕುಲುಕಿಸ್ಕೊಂಡು ಹೋದ್ರು. ಇಲ್ಲಿ ಇನ್ನೊಂದಿದೆ ನೋಡಿ, ಖಾಲಿ ಕಂಟೇನರ್ ಮತ್ತೆ ಲೇಮ್ ಚಬಾಂಗಿಗೆ ವಾಪಸ್ ಮುಟ್ಟೋವರ್ಗೂ ಡಿಟೆನ್ಷನ್ ಚಾರ್ಜು (ಪೋರ್ಟಿಂದ ಹೊರಗೆ ಕಂಟೇನರ್ ಇಟ್ಕೊಂಡಿದ್ದಕ್ಕೆ) ನಮ್ ತಲೆ ಮೇಲೇನೇ, "ಡೋರ್ ಡೆಲಿವರಿ, ಎಲ್ಲಾ ಸೇರಿ" ಅಂದಿದ್ದ ಕೊಟೇಷನ್‌ನಲ್ಲಿ ಅದ್ರ ಸುದ್ದೀನೇ ಇರ್ಲಿಲ್ಲ. ಕೇಳಿದ್ರೆ "ಅದು ಎಕ್ಸ್ಟ್ರಾ ಸಾರ್, ಎಲ್ರಿಗೂ ಗೊತ್ತಿರೋದೇ."

ಅದಕ್ಕೇ ಹೇಳೋದು, ಡ್ರಾಫ್ಟ್ ಬಂದಾಗ ಮಾಲು ಕೊನೆಗೆ ಸೇರೋ ಊರು ಯಾವ್ದು, ಯಾವ ಗಡೀಲಿ ದಾಟುತ್ತೆ, ಎರಡೂ ಗಿರಾಕಿಗೆ ತೋರ್ಸಿ ಕೇಳಿ, ಅವ್ರಿಗೆ ಅವ್ರ ರೋಡು ಗೊತ್ತಿರುತ್ತೆ. ಫ್ರೀ ಡೇಸ್ ಎಷ್ಟು, ಖಾಲಿ ಡಬ್ಬ ವಾಪಸ್ ತರೋ ಖರ್ಚು ಯಾರ್ದು ಅಂತ ಬರವಣಿಗೇಲಿ ತಗೊಳ್ಳಿ. ಫೋನಲ್ಲಿ "ನೋಡ್ಕೋತೀನಿ ಸಾರ್" ಅಂದ್ರೆ ನಂಬ್ಬೇಡಿ.

ಗಿರಾಕಿ ಫೋಟೋ ಕಳ್ಸಿದ್ರು. ಹಾಪರ್, ಅಂದ್ರೆ ಹಣ್ಣು ಸುರಿಯೋ ಬಾಯಿ, ಒಂದ್ ಕಡೆ ತಗ್ಗಾಗಿದೆ, ಪಕ್ಕದಲ್ಲಿ ಆ ಸೀಸನ್ ಪೂರ್ತಿ ಕೈಯಲ್ಲಿ ತಿರುಗಿಸಿದ ಹಳೇ ಪಲ್ಪರ್ ನಿಂತಿದೆ. ಬಾಕಿ ದುಡ್ಡು ಇನ್ನೂ ಬರ್ಬೇಕು, ಕೇಳೋಕೆ ನಂಗೇ ಮುಖ ಇಲ್ಲ.