ವಾಯ್ಸ್‌ಮೀಟರ್ ಬನಾನಾ: ಲೈವ್ ಧ್ವನಿಯ ಗೋಜಲು ಬಿಡಿಸುವ ಮಿಕ್ಸರ್

ವಿಂಡೋಸ್‌ನಲ್ಲಿ ಲೈವ್ ಮಾಡುವವರಿಗೆ ವಿಬಿ-ಆಡಿಯೋ ಕಂಪನಿಯ ಈ ಸಾಫ್ಟ್‌ವೇರ್ ಮಿಕ್ಸರ್ (ಹಲವು ಧ್ವನಿಗಳನ್ನು ಬೆರೆಸಿ ಬೇಕಾದೆಡೆ ಕಳಿಸುವ ಸಾಧನ) ನಿಜಕ್ಕೂ ಉಪಯುಕ್ತ. ಮೈಕ್‌ನಂಥ ಸಾಧನಗಳಿಗೆ ಮೂರು ಹಾರ್ಡ್‌ವೇರ್ ಇನ್‌ಪುಟ್, ಆ್ಯಪ್‌ಗಳ ಸದ್ದಿಗೆ ಎರಡು ವರ್ಚುವಲ್ ಇನ್‌ಪುಟ್. ಔಟ್‌ಪುಟ್‌ಗಳಲ್ಲಿ ಎ1ರಿಂದ ಎ3 ನಿಮ್ಮ ಹೆಡ್‌ಫೋನ್, ಸ್ಪೀಕರ್‌ಗೆ; ಬಿ1 ಮತ್ತು ಬಿ2 ಬೇರೆ ಆ್ಯಪ್‌ಗಳಿಗೆ. ಇನ್‌ಸ್ಟಾಲ್ ಆದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಲೇಬೇಕು.

ಇದರ ಮಹತ್ವ ತಿಳಿಯುವುದು ಅತಿಥಿಯೊಬ್ಬರು ಕರೆಯಲ್ಲಿ ಸೇರಿದಾಗ. ಅವರಿಗೆ ತಮ್ಮ ದನಿಯೇ ಮರಳಿ ಕೇಳಿಸುತ್ತಿದ್ದರೆ, ಅವರ ಧ್ವನಿ ಕರೆಗೆ ಮರಳುವ ಬಿ2ಗೂ ಹೋಗುತ್ತಿರಬಹುದು. ಕರೆಯ ಆ್ಯಪ್‌ನಲ್ಲಿ ಸ್ಪೀಕರ್ ಆಗಿ ಆಕ್ಸ್ ಇನ್‌ಪುಟ್ (ಎರಡನೇ ವರ್ಚುವಲ್ ಇನ್‌ಪುಟ್), ಮೈಕ್ ಆಗಿ ಬಿ2 ಆರಿಸಿ. ಮಿಕ್ಸರ್‌ನ ಆಕ್ಸ್ ಪಟ್ಟಿಯಲ್ಲಿ (ಆ ಇನ್‌ಪುಟ್‌ನ ಗುಂಡಿಗಳ ಸಾಲು) ಎ1, ಬಿ1 ಮಾತ್ರ ಒತ್ತಿ. ನಿಮ್ಮ ಮೈಕ್ ಪಟ್ಟಿಯಲ್ಲಿ ಬಿ1, ಬಿ2. ಲೈವ್ ಪ್ರಸಾರದ ಸಾಫ್ಟ್‌ವೇರ್ ಒಬಿಎಸ್‌ನಲ್ಲಿ ಮೈಕ್ ಜಾಗಕ್ಕೆ ಬಿ1 ಆರಿಸಿ, ಡೆಸ್ಕ್‌ಟಾಪ್ ಆಡಿಯೋವನ್ನು ಡಿಸೇಬಲ್ ಮಾಡಿ. ಎರಡೂ ಚಾಲೂ ಇದ್ದರೆ ಅದೇ ಸದ್ದು ಎರಡು ಸಲ ಸೇರಿ ಟೊಳ್ಳಾಗಿ ಕೇಳುತ್ತದೆ.

ಚಟಪಟ ಸದ್ದು ಬಂದರೆ ಮೊದಲು ಸ್ಯಾಂಪಲ್ ರೇಟ್ (ಸೆಕೆಂಡಿಗೆ ಧ್ವನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) ನೋಡಿ: ಒಂದೆಡೆ 44.1, ಇನ್ನೊಂದೆಡೆ 48 ಕಿಲೋಹರ್ಟ್ಸ್ ಇರಬಾರದು. ವಿಂಡೋಸ್, ಒಬಿಎಸ್, ಮಿಕ್ಸರ್ ಮೂರರಲ್ಲೂ 48 ಇಡಿ. ಎ1ಕ್ಕೆ ಸಾಧನ ಆರಿಸುವಾಗ ಡಬ್ಲ್ಯುಡಿಎಂ, ಎಂಎಂಇ ಎಂಬ ಡ್ರೈವರ್ ವಿಧಗಳು ಕಾಣುತ್ತವೆ; ಡಬ್ಲ್ಯುಡಿಎಂ ಒಳ್ಳೆಯದು, ಎಂಎಂಇಯಲ್ಲಿ ವಿಳಂಬ ಹೆಚ್ಚು. ಸದ್ದು ಇದ್ದಕ್ಕಿದ್ದಂತೆ ನಿಂತರೆ ಮೆನುವಿನ ರೀಸ್ಟಾರ್ಟ್ ಆಡಿಯೋ ಎಂಜಿನ್ ಸಾಮಾನ್ಯವಾಗಿ ಸಾಕು.

ಕೊರತೆಯೂ ಇದೆ. ಪರದೆ ತುಂಬ ಗುಂಡಿಗಳು, ಹೊಸಬರಿಗೆ ದಿಕ್ಕು ತೋಚದು. ಇದನ್ನೇ ಡಿಫಾಲ್ಟ್ ಸ್ಪೀಕರ್ ಮಾಡಿಕೊಂಡು ಪ್ರೋಗ್ರಾಂ ಮುಚ್ಚಿದರೆ ಕಂಪ್ಯೂಟರ್ ಮೂಕವಾಗುತ್ತದೆ. ವಿಂಡೋಸ್ ಜೊತೆಗೇ ಶುರುವಾಗುವ ಆಯ್ಕೆಗೆ ಮೆನುವಿನಲ್ಲಿ ಟಿಕ್ ಹಾಕಿಡಿ. ಬರೀ ಒಂದು ಮೈಕ್, ಒಂದು ಗೇಮ್ ಇದ್ದವರಿಗೆ ಒಬಿಎಸ್ ಒಂದೇ ಸಾಕು.